ನಮ್ಮತ್ತೆಯ ಎರಡು ಚುಕ್ಕಿ

ನಮ್ಮ ಅತ್ತೆ ಅಶೋಕ ಚಕ್ರವರ್ತಿಗೇ ಎರಡು ಸ್ಟಾರ್ ಕೊಟ್ಟವಳು! ಮಸ್ಕಿಯ ಶಾಸನ ನೋಡಲು ಬಂದ ಪ್ರವಾಸಿಗರು, ಇತಿಹಾಸದ ಮೇಷ್ಟ್ರುಗಳು, ಶಾಸನದ ಮುಂದೆ ಫೋಟೋ ತೆಗೆಸಿಕೊಂಡ ನವದಂಪತಿಗಳು ಮೊಬೈಲಿನ ನಕ್ಷೆಯಲ್ಲಿ ‘ಅದ್ಭುತ’, ‘ರೋಮಾಂಚನ’ ಎಂದು ಐದೈದು ಸ್ಟಾರ್ ಸುರಿದಿದ್ದಾರೆ. ಅವುಗಳ ನಡುವೆ ನಮ್ಮತ್ತೆಯದು ಹೀಗಿದೆ: ‘ಕಲ್ಲಿನ ಮ್ಯಾಲ ಬರದದ್ದು ಒಂದಕ್ಷರ ತಿಳಿವಲ್ದು. ಬರಿಯೋರು ಸ್ವಲ್ಪ ದಪ್ಪಗ ಬರಿಬೇಕಿತ್ತು. ಗಾಳಿ ಚಲೋ ಬರತೈತಿ.’ ಅಂದರೆ ಆ ಎರಡು ಸ್ಟಾರ್ ಕೂಡ ಗಾಳಿಗೆ ಸಂದವು. ಚಕ್ರವರ್ತಿಗೆ ಸಿಕ್ಕಿದ್ದು ಸೊನ್ನೆ!

ಈ ಮಹಾತಾಯಿ ನಮ್ಮಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಮಸ್ಕಿಯಲ್ಲಿ ಬಳೆ ಅಂಗಡಿ ಇಟ್ಟಿದ್ದಾಳೆ. ನಾನು ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜ್ ನಡೆಸುತ್ತೇನೆ. ಅಪ್ಪ ಕಟ್ಟಿಸಿದ್ದು, ನಾನು ಬಣ್ಣ ಹೊಡೆಸಿದ್ದು. ಭತ್ತದ ವ್ಯಾಪಾರಿಗಳು, ಟ್ರ್ಯಾಕ್ಟರ್ ಕಂಪನಿಯ ಪ್ರತಿನಿಧಿಗಳು, ಕೊಯ್ಲಿನ ಯಂತ್ರದ ಡ್ರೈವರುಗಳು ನನ್ನ ಗಿರಾಕಿಗಳು. ಹಿಂದೆಲ್ಲ ಲಾಡ್ಜಿನವರಿಗೆ ನೀರಿನ ಭಯ, ಕರೆಂಟಿನ ಭಯ ಇರುತ್ತಿತ್ತು. ಈಗ ಇರುವುದು ಸ್ಟಾರಿನ ಭಯವೊಂದೇ.

ಈ ಸ್ಟಾರ್ ಕೊಡುವ ಮಹನೀಯರ ಬುದ್ಧಿವಂತಿಕೆಯನ್ನು ಏನೆಂದು ಬಣ್ಣಿಸಲಿ? ಒಬ್ಬರು ಬರೆದರು: ‘ರೂಮು ಸ್ವಚ್ಛ. ನೀರು ಚೆನ್ನಾಗಿ ಬರುತ್ತದೆ. ಊರಲ್ಲಿ ಬಿಸಿಲು ಬಹಳ.’ ಕೊಟ್ಟದ್ದು ಒಂದು ಸ್ಟಾರ್! ಸಿಂಧನೂರಿನ ಬಿಸಿಲನ್ನು ನಾನೇ ಮಾಳಿಗೆಯ ಮೇಲೆ ಕಾಯಿಸಿ ಹಂಚುತ್ತೇನೆ ಎಂದು ತಿಳಿದಿದ್ದರೋ ಏನೋ. ಇನ್ನೊಬ್ಬ ಬಳಗಾನೂರಿಗೆ ಹೆಣ್ಣು ನೋಡಲು ಬಂದು ನಮ್ಮಲ್ಲಿ ಇಳಿದಿದ್ದ. ಹುಡುಗಿ ಇವನನ್ನು ನೋಡಿದವಳೇ ಬೇಡವೆಂದಳಂತೆ. ಸಂಜೆಯೇ ನನಗೆ ಒಂದು ಸ್ಟಾರ್ ಬಂತು: ‘ಇಲ್ಲಿ ಇಳಿದರೆ ಹೋದ ಕೆಲಸ ಕೈಗೂಡುವುದಿಲ್ಲ.’ ಅಲ್ಲ ಸ್ವಾಮಿ, ಕನ್ನಡಿ ನನ್ನದು ನಿಜ, ಮುಖ ನಿಮ್ಮದಲ್ಲವೇ?

ಹೊಗಳುವವರು ಇವರಿಗಿಂತ ಅಪಾಯಕಾರಿ. ‘ಬಹಳ ಬೆಳ್ಳಗಿದೆ, ಕಲ್ಲಿಲ್ಲ, ಬೆಂದ ಮೇಲೆ ಅಂಟುವುದಿಲ್ಲ’ ಎಂದು ಒಬ್ಬರು ಐದು ಸ್ಟಾರ್ ಕೊಟ್ಟಾಗ ನನ್ನ ಹಾಸಿಗೆಯ ಬಗ್ಗೆ ಹೇಳಿದ್ದೇ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು, ಪಕ್ಕದ ರೈಸ್ ಮಿಲ್ಲಿನ ಅಕ್ಕಿಗೆ ಕೊಡಬೇಕಾದದ್ದು ಗುರಿ ತಪ್ಪಿ ನನಗೆ ಬಿದ್ದಿತ್ತು. ಗುರುಗುಂಟಾದ ಕುರಿ ವ್ಯಾಪಾರಿಯೊಬ್ಬರು ಮೇಲಿಂದ ಮೇಲೆ ಬರುವ ಗಿರಾಕಿ; ಅವರ ಹೆಸರಿನಲ್ಲೂ ಒಂದು ಸ್ಟಾರ್ ಕಂಡಿತು. ಕೇಳಿದರೆ ಗಾಬರಿಯಾದರು: “ಯಪ್ಪಾ, ನಾ ಕೊಟ್ಟಿಲ್ರಿ! ಅಂಗಿ ಕಿಸೆದಾಗ ಫೋನು ಒತ್ತಿಕೊಂಡು ತಾನ ಕೊಟ್ಟೈತಿ.” ಬೀಗತನ ಮಾಡುವಾಗ ಸುತ್ತಲಿನ ಊರೆಲ್ಲ ವಿಚಾರಿಸುವ, ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಳ್ಳುವ ನಮ್ಮ ಜನ, ಮಲಗುವ ಜಾಗವನ್ನು ಮಾತ್ರ ಯಾರದೋ ಅಂಗಿಯ ಕಿಸೆಯ ಮಾತು ನಂಬಿ ಆರಿಸುತ್ತಾರೆ!

ಇಂಥ ಲೋಕಕ್ಕೆ ನಮ್ಮತ್ತೆಯ ಪ್ರವೇಶವಾಯಿತು. ರಾಯಚೂರಿನಲ್ಲಿರುವ ಅವಳ ಮಗಳು ಒಂದು ಫೋನು ಕೊಡಿಸಿ, ಬೆರಳಿನಿಂದ ಬರೆಯಲು ಕಷ್ಟವಾದರೆ ಬಾಯಿಂದ ಹೇಳು, ಅದೇ ಬರೆದುಕೊಳ್ಳುತ್ತದೆ ಎಂದು ಕಲಿಸಿಬಿಟ್ಟಳು. ಅಂದಿನಿಂದ ಸುತ್ತಲಿನ ಮೂರು ತಾಲೂಕುಗಳಿಗೆ ನೆಮ್ಮದಿ ಇಲ್ಲ. ಅತ್ತೆ ಹೋದಲ್ಲೆಲ್ಲ ಫೋನನ್ನು ಬಾಯಿಗೆ ಹಿಡಿದು ತೀರ್ಪು ಕೊಡತೊಡಗಿದಳು. ಅವಳಿಗೆ ಅವು ಸ್ಟಾರ್ ಅಲ್ಲ, ಚುಕ್ಕಿ. ಫೋನಾದರೋ ತೀರ್ಪು ಯಾವುದು, ಹರಟೆ ಯಾವುದು ಎಂದು ವಿಂಗಡಿಸದೆ ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳುತ್ತಿತ್ತು. ಬಸ್ ನಿಲ್ದಾಣದ ಬಗ್ಗೆ ಅವಳ ಅಭಿಪ್ರಾಯ ಇಂದಿಗೂ ಅಲ್ಲಿದೆ: ‘ನಿಲ್ದಾಣ ದೊಡ್ಡದೈತಿ ಆದ್ರ ಕುಂದ್ರಾಕ ಜಾಗ ಇಲ್ಲ ಏ ತಮ್ಮ ಸ್ವಲ್ಪ ಸರಕೋ ಬಾಳಿಹಣ್ಣು ಹೆಂಗ ಕೊಟ್ಟಿ ಅಯ್ಯ ಇದೇನು ಬಂಗಾರದ ಹಣ್ಣೇನು ಬಸ್ಸು ಬಂತು ಬಸ್ಸು ಬಂತು.’ ಎರಡು ಚುಕ್ಕಿ.

ಹೌದು, ಎಲ್ಲಕ್ಕೂ ಎರಡೇ. ಹಲ್ಲು ಕಿತ್ತ ವೈದ್ಯರಿಗೆ ಎರಡು: ‘ಹಲ್ಲು ಚಲೋ ಕಿತ್ತಾರ, ಆದ್ರ ಚಲೋ ಇದ್ದ ಹಲ್ಲು.’ ಬೀಗರ ಮನೆಯ ಮದುವೆ ನಡೆದ ಕಲ್ಯಾಣ ಮಂಟಪಕ್ಕೆ ಎರಡು: ‘ಹಾಲು ಹೋಳಿಗಿ ಬೆಸ್ಟ್. ಫ್ಯಾನು ತಿರಗತಾವ, ಗಾಳಿ ಬರಂಗಿಲ್ಲ. ಮದುಮಗ ಪರವಾಗಿಲ್ಲ.’ ಇದನ್ನು ಓದಿದ ಬೀಗರು ಇಂದಿಗೂ ಅವಳೊಡನೆ ಮಾತಾಡುವುದಿಲ್ಲ. ಅತ್ತೆಗೆ ಅದರ ಪರಿವೆಯೇ ಇಲ್ಲ. “ನಾ ಪರವಾಗಿಲ್ಲ ಅಂದೀನಿ, ಇನ್ನೇನು ಅನ್ನಬೇಕಿತ್ತು?” ಎನ್ನುತ್ತಾಳೆ.

ಒಂದು ದಿನ ಬೆಳಿಗ್ಗೆ ನನ್ನ ಲಾಡ್ಜಿನ ಹೆಸರಿನ ಕೆಳಗೂ ಎರಡು ಸ್ಟಾರ್ ಕಂಡವು! ಹಿಂದಿನ ದಿನವಷ್ಟೇ ಬಳೆಯ ಮಾಲು ತರಲು ಬಂದು, ನಮ್ಮಲ್ಲೇ ಉಂಡು, ನನ್ನ ಹೆಂಡತಿಯ ಕೈಗೆ ಹೊಸ ಬಳೆ ತೊಡಿಸಿ, ಒಳ್ಳೆಯ ರೂಮಿನಲ್ಲಿ ಮಲಗಿ ಹೋಗಿದ್ದಳು. ಬರೆದದ್ದು ನೋಡಿ: ‘ಬಕೇಟು ಸೋರತೈತಿ. ಕನ್ನಡಿ ಎಷ್ಟು ಎತ್ತರ ಐತಿ ಅಂದ್ರ ಹಣಿ ಅಷ್ಟ ಕಾಣತೈತಿ. ತಲಿದಿಂಬಿನಾಗ ಹತ್ತಿ ಐತೋ ಮಣ್ಣಿನ ಹೆಂಟಿ ಐತೋ ದೇವರಿಗೇ ಗೊತ್ತು.’

ನಾನು ಫೋನು ಮಾಡಿದೆ. “ಅತ್ತೀ, ನಾ ನಿನ್ನ ಸ್ವಂತ ಅಣ್ಣನ ಮಗ!”

“ಅದಕ್ಕ ಎರಡು ಕೊಟ್ಟೀನಿ. ಬ್ಯಾರೆಯವರಾಗಿದ್ರ ಒಂದ ಕೊಡತಿದ್ದೆ.”

“ನನಗ ಬಾಯಲೆ ಹೇಳಬೇಕಿಲ್ಲೇನು? ಊರಿಗೆಲ್ಲ ಯಾಕ ಸಾರಿದಿ?”

“ಬಾಯಲೆ ಹೇಳೀನಿ. ಹ್ವಾದ ಸಲ ಬಂದಾಗ ಹೇಳೀನಿ, ಅದರ ಹಿಂದಿನ ಸಲಾನೂ ಹೇಳೀನಿ. ನೀ ‘ಹ್ಞೂಂ ಅತ್ತಿ, ಹ್ಞೂಂ ಅತ್ತಿ’ ಅಂದಿ. ಬಕೇಟು ‘ಹ್ಞೂಂ’ ಅನ್ನಲಿಲ್ಲ ನೋಡು, ಸೋರಿಕೋತ ಕುಂತೈತಿ.”

ಅದೇ ದಿನ ಹೊಸ ಬಕೆಟ್ಟು ತರಿಸಿದೆ, ಕನ್ನಡಿ ಇಳಿಸಿದೆ, ದಿಂಬು ಬದಲಾಯಿಸಿದೆ. ಮತ್ತೆ ಕರೆಸಿ ತೋರಿಸಿದೆ. ಅತ್ತೆ ಬಕೆಟ್ಟಿಗೆ ನೀರು ತುಂಬಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತು, ಎಲೆಅಡಿಕೆ ಹಾಕಿಕೊಂಡು ಬಹಳ ಹೊತ್ತು ಅದನ್ನೇ ನೋಡಿದಳು. ಒಂದು ಹನಿ ಸೋರಲಿಲ್ಲ. ಇನ್ನು ಚುಕ್ಕಿ ಹೆಚ್ಚುತ್ತವೆ ಎಂದು ನಾನು ಉಬ್ಬಿಹೋದೆ. ಎದ್ದು ನಿಂತು ಹೇಳಿದಳು: “ಬಕೇಟು ಸೋರಬಾರದು. ಅದು ಅದರ ಧರ್ಮ. ಅದಕ್ಯಾಕ ಚುಕ್ಕಿ?”

ಲಿಂಗಸುಗೂರಿನ ಪ್ರಸಂಗ ಹೇಳದಿದ್ದರೆ ಅತ್ತೆಗೆ ಅನ್ಯಾಯವಾದೀತು. ನಮ್ಮ ಬಳಗದ ಮದುವೆಯೊಂದಕ್ಕೆ ಹೋದಾಗ ನಮ್ಮನ್ನೆಲ್ಲ ಅಲ್ಲಿನ ಹೊಸ ಲಾಡ್ಜೊಂದರಲ್ಲಿ ಇಳಿಸಿದರು. ಆ ಲಾಡ್ಜಿನ ಮಾಲೀಕ ಎಲ್ಲಿಂದಲೋ ಹೊಗಳಿಕೆಯನ್ನು ಸಗಟಾಗಿ ತರಿಸಿ ಹಾಕಿಸಿಕೊಂಡಿದ್ದ. ಬರೆದುಕೊಟ್ಟ ಪುಣ್ಯಾತ್ಮರಿಗೆ ಲಿಂಗಸುಗೂರು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ‘ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ. ಅಲೆಗಳ ಸದ್ದಿಗೆ ಹಾಯಾಗಿ ನಿದ್ದೆ ಬಂತು’ ಎಂದು ಬರೆದಿದ್ದರು. ಅತ್ತೆ ಅದನ್ನು ಬಸ್ಸಿನಲ್ಲೇ ಓದಿ ಇಟ್ಟುಕೊಂಡಿದ್ದಳು.

ರೂಮಿಗೆ ಹೋದವಳೇ ಕಿಟಕಿ ತೆರೆದಳು. ಎದುರಿಗೆ ಒಂದು ಬಯಲು, ಜಾಲಿ ಕಂಟಿ, ಕಂಟಿಯಲ್ಲಿ ಮೇಯುವ ಆಡು. ಅತ್ತೆ ಮಾಲೀಕನನ್ನು ಕರೆಸಿದಳು.

“ಸಮುದ್ರ ಯಾವ ಕಡಿ ಐತ್ರಿ?”

ಮಾಲೀಕ ಬೆವರಿದ. “ಅಮ್ಮಾ, ಅದು... ಬರಿಯೋರು ಬ್ಯಾರೆ ಲಾಡ್ಜಿಂದು ತಂದು ಇಲ್ಲಿ ಹಾಕ್ಯಾರ್ರಿ.”

“ಹಂಗಾರ ಪಾಪ, ಆ ಲಾಡ್ಜಿಗೆ ಹೋದೋರು ಆಡು ಹುಡುಕಾಕತ್ತಿರಬೇಕು! ಇಲ್ಲಪ್ಪ, ನಾ ಸಮುದ್ರ ನೋಡಿಲ್ಲ, ನೋಡಬೇಕಂತ ಬಂದೀನಿ. ನೋಡೂತನಕ ಏಳಂಗಿಲ್ಲ” ಎಂದು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಳು. ಅಕ್ಷತೆಯ ಹೊತ್ತು ಹತ್ತಿರವಾಯಿತು. ಹೆಂಗಸರು ಬೇಡಿಕೊಂಡರು, ಗಂಡಸರು ಗದರಿದರು. ಮಾಲೀಕ ಕೈಮುಗಿದ. ಅಷ್ಟರಲ್ಲಿ ಲಾಡ್ಜಿಗೆ ನೀರು ತಂದ ಟ್ಯಾಂಕರಿನ ಪೈಪು ಕಳಚಿ, ಕಿಟಕಿಯ ಕೆಳಗಿನ ಬಯಲೆಲ್ಲ ನೀರು ಹರಿದು, ಆಡು ಅರಚುತ್ತ ಓಡಿತು. ಅತ್ತೆ ಇಣುಕಿ ನೋಡಿ, ಸೆರಗು ಸರಿಮಾಡಿಕೊಂಡು ಎದ್ದಳು. ಮದುವೆಯ ಊಟ ಮುಗಿಯುವುದರೊಳಗೆ ಅವಳ ತೀರ್ಪು ಪ್ರಕಟವಾಗಿತ್ತು: ‘ಸಮುದ್ರ ಐತಿ. ಟ್ಯಾಂಕರಿನಾಗ ಬರತೈತಿ.’

ಅಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೇರೆಯವರ ಲಾಡ್ಜಿಗೆ ಬಿದ್ದ ಪೆಟ್ಟು ಯಾವ ಲಾಡ್ಜಿನವನಿಗೆ ಸಿಹಿಯಲ್ಲ? ಆದರೆ ನನ್ನ ಸರದಿ ಬಂದಾಗ ನಗು ಬರಲಿಲ್ಲ.

ಅತ್ತೆ ಮತ್ತೊಮ್ಮೆ ಬಳೆಯ ಮಾಲಿಗೆಂದು ಬಂದು ನಮ್ಮಲ್ಲಿ ಉಳಿದಿದ್ದಳು. ಮಧ್ಯಾಹ್ನ ಗಲ್ಲಾದ ಪಕ್ಕ ಕುಳಿತು ನನ್ನೊಡನೆ ಹರಟುತ್ತಿದ್ದಾಗ ಒಬ್ಬ ತರುಣ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಕೋಲು, ಕೋಲಿನ ತುದಿಗೆ ಫೋನು. ನಮಸ್ಕಾರ ಕೂಡ ಫೋನಿಗೇ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ನಾನು ಊರೂರು ಸುತ್ತಿ ವಿಡಿಯೋ ಮಾಡ್ತೀನಿ. ನಾಲ್ಕು ದಿನ ರೂಮು, ಊಟ ನಿಮ್ಮ ಕಡೆಯಿಂದ. ಹೊಗಳಿಕೆ ನನ್ನ ಕಡೆಯಿಂದ. ನನಗೆ ಎಷ್ಟು ಜನ ಫಾಲೋವರ್ಸ್ ಇದ್ದಾರೆ ಗೊತ್ತಾ?” ಎಂದ.

ಅತ್ತೆ ಕೇಳಿದಳು: “ಹಂಗಂದ್ರ ಯಾರಪ್ಪ?”

“ನನ್ನ ಹಿಂದೆ ಬರೋ ಜನ, ಅಜ್ಜಿ.”

ಅತ್ತೆ ಎದ್ದು ಬಾಗಿಲಿಗೆ ಹೋಗಿ ರಸ್ತೆಯ ಆ ಕಡೆ ಈ ಕಡೆ ನೋಡಿ ಬಂದಳು. “ಯಾರೂ ಕಾಣವಲ್ರು?”

“ಅಯ್ಯೋ, ಅವರೆಲ್ಲ ಫೋನಿನೊಳಗೆ ಇದ್ದಾರೆ ಅಜ್ಜಿ!”

“ಹಂಗಾರ ರೂಮೂ ಫೋನಿನೊಳಗ ತಗೋ.”

ನಾನೂ ಬಿಟ್ಟಿ ರೂಮು ಕೊಡಲಾಗದು ಎಂದೆ. ತರುಣ ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿ, “ಆಮೇಲೆ ಬೇಜಾರು ಮಾಡ್ಕೋಬೇಡಿ” ಎಂದು ಹೇಳಿ ಹೋದ. ಬೇಜಾರಿನ ಸಾಮಾನು ಎರಡೇ ದಿನದಲ್ಲಿ ಬಂತು. ಅವನ ವಿಡಿಯೋದಲ್ಲಿ ನನ್ನ ಲಾಡ್ಜಿನ ಬೋರ್ಡು, ನನ್ನ ಮೆಟ್ಟಿಲು, ಆಮೇಲೆ ಹಾಸಿಗೆಯ ಕೆಳಗಿಂದ ಓಡಿಬರುವ ಒಂದು ಪುಷ್ಟವಾದ ಇಲಿ! ಆ ಇಲಿ ಓಡುತ್ತಿದ್ದದ್ದು ಫಳಫಳ ಹೊಳೆಯುವ ಬಿಳಿ ಟೈಲ್ಸಿನ ಮೇಲೆ. ನನ್ನ ಲಾಡ್ಜಿನಲ್ಲಿ ಇರುವುದು ಅಪ್ಪ ಹಾಸಿಸಿದ ಶಹಾಬಾದ್ ಕಲ್ಲು. ಅಂಥ ಟೈಲ್ಸ್ ಹಾಕಿಸಬೇಕೆಂದು ನನ್ನ ಹೆಂಡತಿ ವರ್ಷಗಳಿಂದ ಗೋಗರೆಯುತ್ತಿದ್ದಾಳೆ. ಆದರೆ ಇಲಿ ಕಂಡ ಮೇಲೆ ನೆಲ ನೋಡುವವರು ಯಾರು?

ಒಂದೊಂದೇ ಸ್ಟಾರಿನ ಮಳೆಯೇ ಸುರಿಯಿತು. ‘ಇಲಿ ಇದೆಯಂತೆ’, ‘ಛೀ’, ‘ಮುಚ್ಚಿಸಬೇಕು.’ ಇವರಲ್ಲಿ ಯಾರೂ ನನ್ನ ಲಾಡ್ಜಿನ ಮೆಟ್ಟಿಲು ತುಳಿದವರಲ್ಲ; ಅನೇಕರು ಸಿಂಧನೂರನ್ನೇ ಕಂಡವರಲ್ಲ. ಅತ್ತೆಯ ಎರಡು ಚುಕ್ಕಿ ಈಗ ಆ ಗುಂಪಿನಲ್ಲಿ ದೊಡ್ಡ ಪ್ರಶಸ್ತಿಯಂತೆ ಕಾಣುತ್ತಿದ್ದವು! ಅವಳು ಮಸ್ಕಿಗೆ ಹೋಗುವುದನ್ನು ಬಿಟ್ಟು, ಗಲ್ಲಾದ ಪಕ್ಕ ಪಟ್ಟಾಗಿ ಕುಳಿತು, ಒಬ್ಬೊಬ್ಬರಿಗೂ ಫೋನಿನಲ್ಲಿ ಉತ್ತರ ಹೇಳಿ ಬರೆಸತೊಡಗಿದಳು: ‘ನೀ ಯಾವಾಗ ಬಂದಿದ್ದಿ? ಬಾಗಲದ ಬಣ್ಣ ಯಾವುದು ಹೇಳು. ಬಾಯಿ ಬಿಡು.’ ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಸಭ್ಯಸ್ಥ ಮಾತ್ರ ಉತ್ತರ ಕೊಟ್ಟ: ‘ಅಜ್ಜಿ, ನಾನು ದುಬೈನಲ್ಲಿದ್ದೇನೆ.’

ಅತ್ತೆ ಫೋನನ್ನು ಬಾಯಿಗೆ ಹಿಡಿದು ಚೀರಿದಳು: “ದುಬೈದಾಗ ಕುಂತು ಸಿಂಧನೂರಿನ ಇಲಿ ಕಂಡಿ? ನಿನ್ನ ಕಣ್ಣಿಗೆ ಐದು ಚುಕ್ಕಿ!”

ಅವಳ ಜಗಳದಿಂದ ನನ್ನ ರೂಮುಗಳೇನೂ ತುಂಬಲಿಲ್ಲ. ಕಾಯಂ ಗಿರಾಕಿಗಳೂ “ಈ ಸಲ ಬ್ಯಾರೆ ಕಡಿ ಇಳಿದೀವ್ರಿ, ಮನಿಯಾಗ ಇಲಿ ವಿಡಿಯೋ ನೋಡ್ಯಾರ” ಎಂದು ಫೋನಿನಲ್ಲಿ ತೊದಲಿದರು. ಕೀಲಿಕೈಗಳು ಗೋಡೆಯ ಮೊಳೆಗಳಲ್ಲಿ ಹಾಗೇ ತೂಗುತ್ತಿದ್ದವು. ಹಾಸಿಗೆಗಳ ಮೇಲೆ ಒಗೆದ ಚಾದರ ಸುಕ್ಕಿಲ್ಲದೆ ಬಿದ್ದಿತ್ತು. ಕೊನೆಗೆ ನಾನೇ ಸೋತು ಕೇಳಿದೆ: “ಅತ್ತೀ, ನೀನರ ಆ ಎರಡು ತಗದು ಐದು ಮಾಡು. ಒಂದೆರಡು ಚಲೋ ಮಾತು ಬರಿ.”

“ಸುಳ್ಳು ಬರಿಯಂಗಿಲ್ಲ.”

“ಜಗತ್ತೆಲ್ಲ ಸುಳ್ಳು ಬರಿಯಾಕತ್ತೈತಿ! ನೀ ಒಬ್ಬಾಕಿ ಖರೇ ಬರದು ಏನು ಮಾಡ್ತಿ?”

“ಅದಕ್ಕ ನಾ ಸುಳ್ಳು ಬರಿಯಂಗಿಲ್ಲ” ಎಂದಳು, ಮುಖವನ್ನೂ ನೋಡದೆ.

ನನಗೆ ರೇಗಿತು. ಊಟಕ್ಕೆ ಕರೆದರೂ ಏಳದೆ ಗಲ್ಲಾದ ಮೇಲೆ ತಲೆಯಿಟ್ಟು ಕುಳಿತೆ. ಸ್ವಲ್ಪ ಹೊತ್ತಿಗೆ ಅತ್ತೆಯೇ ತಟ್ಟೆ ಹಿಡಿದು ಬಂದಳು. ಜೋಳದ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮದುವೆ ವಯಸ್ಸಿನ ಮಗಳಿರುವ ನನ್ನ ಬಾಯಿಗೆ ತುತ್ತಿಟ್ಟು ಹೇಳತೊಡಗಿದಳು.

“ನಿಮ್ಮಪ್ಪ ಇಲ್ಲಿ ಮೊದಲು ಚಾದಂಗಡಿ ಹಾಕಿದ್ದ. ನನ್ನ ಲಗ್ನ ಆಗಿ ಮಸ್ಕಿಗೆ ಹೋಗಿ ಸ್ವಲ್ಪ ದಿನ ಆಗಿತ್ತು. ಅಣ್ಣನ ಅಂಗಡಿ ನೋಡಿ ಬರೋಣಂತ ಬಸ್ ಹತ್ತಿ ಬಂದೆ. ಬಂದು ನೋಡಿದ್ರ ಆಜೂಬಾಜೂ ಅಂಗಡಿ ತುಂಬ್ಯಾವ, ಇವನ ಕಡೆ ಮಂದಿ ಕುಂದ್ರೋ ಬಾಕು ಖಾಲಿ. ಹೊಸಾ ಮನಷ್ಯಾ, ಯಾರಿಗೂ ಗುರ್ತಿಲ್ಲ. ಖಾಲಿ ಅಂಗಡಿ ಕಂಡ್ರ ಮಂದಿ ಮುಂದಕ್ಕ ಹೋಗತಿದ್ರು. ಅಂವ ಒಲಿ ಮುಂದ ನಿಂತು ಒರಸಿದ ಕಪ್ಪನ್ನ ಮತ್ತ ಒರಸಾಕತ್ತಿದ್ದ. ನನಗ ನೋಡಾಕಾಗಲಿಲ್ಲ. ಅಂಗಡಿಗೆ ಜಾಗಾ ಕೊಟ್ಟಿದ್ದ ಸಾಬರ ಮನಿ ಹಿಂದ ಇತ್ತು. ಅಂವಗ ಕಾಣದಂಗ ಅಲ್ಲಿಗೆ ಹೋದೆ.”

ಅತ್ತೆ ಇನ್ನೊಂದು ತುತ್ತು ಕೊಟ್ಟಳು.

“ಸೆರಗು ಮುಖದ ಮ್ಯಾಲ ಎಳಕೊಂಡು, ಗಿರಾಕಿಯಂಗ ಅಣ್ಣನ ಅಂಗಡಿಗೆ ಹೋಗಿ ಕುಂತು ಚಾ ಕುಡದೆ. ವಾಪಸ್ ಬಂದು ಆ ಮನಿಯಾಕಿ ಸೀರಿ ಉಟಗೊಂಡು ಮತ್ತ ಹೋದೆ. ಒಬ್ಬ ಗಿರಾಕಿ ಕುಂತಾಳಂದ್ರ ಇನ್ನೊಬ್ಬರು ಬರತಾರಂತ. ಕಡೀಕ ಆ ಮನಿಯಾಕಿ ಖಾಲಾ ತನ್ನ ಬುರ್ಖಾನ ನನ್ನ ಮ್ಯಾಲ ಹಾಕಿ, ‘ಜಾ ಬೇಟೀ, ಪೀ ಕೋ ಆ’, ಹೋಗಿ ಕುಡದು ಬಾ ಮಗಳ, ಅಂದ್ಲು. ಅದನ್ನ ಹಾಕ್ಕೊಂಡೂ ಕುಡದು ಬಂದೆ. ಅಷ್ಟೊತ್ತಿಗೆ ನಾಕು ಮಂದಿ ಬಾಕಿನ ಮ್ಯಾಲ ಕುಂತಿದ್ರು.”

ತುತ್ತು ನುಂಗಿ ಕೇಳಿದೆ: “ಅಪ್ಪಗ ಗೊತ್ತಾಗಲಿಲ್ಲೇನು?”

“ಗೊತ್ತಾಗದ ಏನು? ಬುರ್ಖಾದಾಗ ಕುಂತು ಬಶಿಗೆ ಹಾಕಿ ಸೊರ್ರಂತ ಕುಡದ್ರ ಯಾವ ಅಣ್ಣಗ ತಂಗಿ ಗುರ್ತ ಹತ್ತಂಗಿಲ್ಲ? ಆದ್ರ ಅಂವ ಬಾಯಿ ಬಿಡಲಿಲ್ಲ. ಹತ್ತರ ಬಂದು, ಮಂದಿಗೆ ಕೇಳಿಸೋ ಹಂಗ, ‘ಚಾ ಹೆಂಗೈತ್ರಿ ಅಮ್ಮಾ?’ ಅಂದ. ಕಣ್ಣಾಗ ನೀರು ಬಂದಿತ್ತು ಅವಗ.”

“ನೀ ಏನಂದಿ?”

“ಸಕ್ಕರಿ ಜಾಸ್ತಿ ಆಗೇತಿ ಅಂದೆ. ಆಗಿತ್ತು.”

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಬದುಕಿರುವವರೆಗೂ ಈ ಮಾತನ್ನು ಅವನೂ ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ಮುಂದೆ ಭತ್ತದ ಕೊಯ್ಲು ಶುರುವಾದಾಗ ಊರಿನ ಲಾಡ್ಜುಗಳೆಲ್ಲ ತುಂಬಿ, ಬೇರೆಲ್ಲೂ ಜಾಗ ಸಿಗದವರು ನನ್ನಲ್ಲಿಗೆ ಬಂದರು. ಬಂದವರು ಇಲಿ ಕಾಣದೆ ಮರುದಿನವೂ ಉಳಿದರು. ಆದರೆ ನಾನು ಹೇಳಬೇಕಾದದ್ದು ಅದಲ್ಲ. ಅತ್ತೆ ತುತ್ತು ಕೊಟ್ಟ ಮರುದಿನ ಬೆಳಿಗ್ಗೆಯ ಮಾತು. ಲಾಡ್ಜಿನ ಮುಂದಿನ ಚಹಾದಂಗಡಿಯಲ್ಲಿ ಬಸ್ಸಿಳಿದ ಜನ ನಿಂತಿದ್ದರು. ನಾನು ಖಾಲಿ ಲಾಡ್ಜಿನ ಗಲ್ಲಾದಲ್ಲಿ ಕುಳಿತಿದ್ದೆ. ರೂಮಿನಲ್ಲಿ ಮಲಗಿದ್ದಾಳೆ ಎಂದುಕೊಂಡಿದ್ದ ಅತ್ತೆ, ಹಿತ್ತಿಲ ಬಾಗಿಲಿನಿಂದ ಯಾವಾಗ ಹೊರಬಿದ್ದಿದ್ದಳೋ, ರಸ್ತೆಯ ಕಡೆಯಿಂದ ಮೆಟ್ಟಿಲು ಹತ್ತಿ ಬಂದಳು. ಮೈಮೇಲೆ ನನ್ನ ಹೆಂಡತಿಯ ಹಸಿರು ಸೀರೆ. ಕೈಯಲ್ಲಿ ಚೀಲ. ಚಹಾದಂಗಡಿಯವರೆಗೂ ಕೇಳಿಸುವಂತೆ ಗಟ್ಟಿಯಾಗಿ ಕೇಳಿದಳು:

“ರೂಮ್ ಸಿಗತಾವೇನ್ರಿ?”

ನಾನು ಎದ್ದು ನಿಂತೆ. “ಸಿಗತಾವ್ರಿ ಅಮ್ಮಾ, ಬರ್ರಿ. ಯಾವೂರಾತ್ರಿ?”

“ಮಸ್ಕಿ. ಇಲ್ಲೇ ಇಳೀರಿ, ಚಲೋ ನೋಡ್ಕೋತಾರ ಅಂತ ಹೇಳಿದ್ರು.”

“ಯಾರು ಹೇಳಿದ್ರಿ?”

“ಇದರ ಮೊದಲಿನ ಯಜಮಾನ್ರು” ಎಂದಳು. “ಭಾಳ ಚಲೋ ಮನಷ್ಯಾರಿದ್ರು.”

ನಾನು ಬೆನ್ನು ತಿರುಗಿಸಿ ಗೋಡೆಯ ಮೇಲೆ ಕೀಲಿಕೈ ಹುಡುಕಿದೆ. ಕಣ್ಣೆದುರಿಗೇ ತೂಗುತ್ತಿತ್ತು. ಕಾಣಲಿಲ್ಲ.